ಕಿಟಕಿ ಮುಟ್ಟದ ಗೆರೆಗಳು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒಳಗೋಡೆಗೆ ಎರಡು ಬಣ್ಣ ಇರುತ್ತದೆ. ನೆಲದಿಂದ ಎದೆಮಟ್ಟದವರೆಗೆ ಗಾಢವಾದ ಆಯಿಲ್ ಪೇಂಟು, ಅದರ ಮೇಲೆ ತೆಳುಬಣ್ಣದ ಡಿಸ್ಟೆಂಪರು. ಮಕ್ಕಳು ಕೈ ಒರೆಸಿದರೂ, ಜೋಳದ ಚೀಲ ಒರಗಿಸಿದರೂ ಕೆಳಗಿನ ಬಣ್ಣವನ್ನು ತೊಳೆಯಬಹುದು, ಅದಕ್ಕೆ ಹಾಗೆ. ಈ ಎರಡು ಬಣ್ಣ ಕೂಡುವಲ್ಲಿ ಒಂದು ಬೆರಳು ಅಗಲದ ಗೆರೆ ಇರುತ್ತದೆ, ಅದಕ್ಕೆ ಪಟ್ಟಿ ಎಂದೂ ಅನ್ನುತ್ತಾರೆ. ಹೆಚ್ಚಾಗಿ ಕಾಫಿ ಬಣ್ಣದ್ದು, ಕೆಲವರ ಮನೆಯಲ್ಲಿ ಕಪ್ಪು. ಮನೆಗೆ ಬಂದವರು ಯಾರೂ ಆ ಗೆರೆಯನ್ನು ನೋಡುವುದಿಲ್ಲ. ಸೊಟ್ಟಗಿದ್ದರೆ ಮಾತ್ರ ನೋಡುತ್ತಾರೆ. ನನ್ನ ಅಪ್ಪ ಎಳೆದ ಗೆರೆಗಳನ್ನು ಬಹಳ ವರ್ಷ ಯಾರೂ ನೋಡಲಿಲ್ಲ.

ಅಪ್ಪ ಹೋದ ಮೇಲೆ ಒಂದು ಮಳೆಗಾಲ ಕಳೆದಿದೆ. ನಾನು ಹತ್ತನೆಯ ತರಗತಿವರೆಗೆ ಓದಿದವನು, ಬರೆಯುವ ರೂಢಿ ಇಲ್ಲ. ಆದರೆ ಬಾಯಲ್ಲಿ ಹೇಳಲು ಹೋದರೆ ಜನ ಯಾವ ರೋಗ, ಯಾವ ಆಸ್ಪತ್ರೆ, ಎಷ್ಟು ದಿನ ಮಲಗಿದ್ದ ಎಂದು ಕೇಳುತ್ತಾರೆ. ಅದಕ್ಕೆಲ್ಲ ಉತ್ತರ ಕೊಟ್ಟು ಮುಗಿಯುವಷ್ಟರಲ್ಲಿ ನನ್ನ ಮಾತು ಒಳಗೇ ಉಳಿದಿರುತ್ತದೆ. ನನಗೆ ಹೇಳಬೇಕಾಗಿರುವುದು ಗೆರೆಯ ಸಂಗತಿ.

ಕೊಟ್ಟೂರಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ, ಅವ್ವ, ನಾನು, ಮೂರೇ ಜನ. ಅಪ್ಪನೂ ನಾನೂ ಬಣ್ಣ ಹಚ್ಚುವವರು. ಕೆಲಸ ಇದ್ದ ಕಡೆ ಹೋಗುತ್ತಿದ್ದೆವು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ನಾಲ್ಕು ಕಡೆಯ ಬಸ್ಸುಗಳಲ್ಲಿ ನಮ್ಮ ಡಬ್ಬಿಗಳ ಬಣ್ಣ ಮೆತ್ತಿಕೊಂಡಿರದ ಸೀಟು ಇರಲಿಲ್ಲ ಎಂದು ಅಪ್ಪ ನಗುತ್ತಿದ್ದ. ಗೋಡೆ ಕೆರೆಯುವುದು, ಪುಟ್ಟಿ ಹಾಕುವುದು, ಉಜ್ಜುವುದು, ಬಣ್ಣ ಬಳಿಯುವುದು ಇಬ್ಬರದೂ. ಗೆರೆ ಮಾತ್ರ ಅವನದು.

ಗೆರೆ ಎಳೆಯುವ ಮೊದಲು ನೂಲು ಹೊಡೆಯಬೇಕು. ಬಟ್ಟೆಗೆ ಹಾಕುವ ನೀಲಿಪುಡಿಯಲ್ಲಿ ಹೊರಳಿಸಿದ ನೂಲು. ಅದರ ಒಂದು ತುದಿ ಗೋಡೆಯ ಆ ಮೂಲೆಯಲ್ಲಿ ನನ್ನ ಹೆಬ್ಬೆರಳ ಕೆಳಗೆ, ಇನ್ನೊಂದು ಈ ಮೂಲೆಯಲ್ಲಿ ಅಪ್ಪನ ಹೆಬ್ಬೆರಳ ಕೆಳಗೆ.

"ಹಿಡಿದಿಯೇನು?"

"ಹಿಡಿದೀನಿ."

ಅವನು ಇನ್ನೊಂದು ಕೈ ಚಾಚಿ ನೂಲನ್ನು ಹಿಂದಕ್ಕೆ ಎಳೆದು ಬಿಟ್ಟರೆ ಟಪ್ ಎಂದು ಗೋಡೆಗೆ ಬಡಿದು ನೀಲಿ ಗುರುತು ಬೀಳುತ್ತಿತ್ತು. ಎಷ್ಟೋ ದಿನ ನಾವಿಬ್ಬರೂ ಆಡಿದ ಮಾತು ಅಷ್ಟೇ.

ಗುರುತಿನ ಮೇಲೆ ಗೆರೆ ಎಳೆಯುವುದು ಕೈಯಿಂದ ಅಲ್ಲ, ಉಸಿರಿನಿಂದ ಎಂದು ಅವನು ನನಗೆ ಕಲಿಸಿದ್ದ. ಉದ್ದ ಕೂದಲಿನ ಸಣ್ಣ ಬ್ರಷ್ಷನ್ನು ಅದ್ದಿ, ಕಿರುಬೆರಳನ್ನು ಗೋಡೆಗೆ ಊರಿ, ಉಸಿರು ತುಂಬ ಎಳೆದುಕೊಂಡು, ಅರ್ಧ ಬಿಟ್ಟು, ಉಳಿದ ಅರ್ಧವನ್ನು ಹಿಡಿದು ನಿಲ್ಲಿಸಬೇಕು. ಆಮೇಲೆ ಕಾಲು ಸರಿಸುತ್ತ ಅಡ್ಡಕ್ಕೆ ನಡೆಯಬೇಕು. ಉಸಿರಾಡಿದರೆ ಎದೆ ಏಳುತ್ತದೆ, ಎದೆ ಎದ್ದರೆ ಭುಜ ಏಳುತ್ತದೆ, ಬ್ರಷ್ಷು ಕೂದಲೆಳೆಯಷ್ಟು ಮೇಲೆ ಹೋಗುತ್ತದೆ. ಉಸಿರು ಮುಗಿಯುವುದು ಬಾಗಿಲ ಚೌಕಟ್ಟಿನ ಹತ್ತಿರವೋ ಕಿಟಕಿಯ ಹತ್ತಿರವೋ ಆಗಬೇಕು. ಅಲ್ಲಿ ನಿಲ್ಲಿಸಿದರೆ ಕಾಣುವುದಿಲ್ಲ. ಗೋಡೆಯ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಅಲ್ಲಿ ಒಂದು ಸಣ್ಣ ಉಬ್ಬು ಉಳಿಯುತ್ತದೆ. ಅಪ್ಪ ಅದಕ್ಕೆ ಗಂಟು ಅನ್ನುತ್ತಿದ್ದ.

"ಟೇಪ್ ಅಂಟಿಸಿ ಎಳದ್ರ ಆತಲ್ಲಪ್ಪಾ, ಈಗ ಎಲ್ಲಾರೂ ಹಂಗ ಮಾಡ್ತಾರ" ಎಂದು ನಾನು ಒಮ್ಮೆ ಅಂದಿದ್ದೆ.

"ಎಳಿ, ಯಾರು ಬ್ಯಾಡಂದ್ರು? ಹಂಗ ಕಾಲಿಗೂ ಒಂದು ಹಗ್ಗ ಕಟ್ಟಿಗ್ಯಾ, ಬೀಳಂಗಿಲ್ಲ."

ಮೊದಲ ಗಂಟನ್ನು ನಾನು ನೋಡಿದ್ದು ಹಡಗಲಿಯಲ್ಲಿ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಒಬ್ಬರ ಮನೆ. ಪಡಸಾಲೆಯ ಗೋಡೆಯಲ್ಲಿ ಬಾಗಿಲಿಗೂ ಕಿಟಕಿಗೂ ನಡುವೆ ಒಂದು ಮಾರಿನಷ್ಟು ಜಾಗ. ಅಪ್ಪನಿಗೆ ಅದು ಅರ್ಧ ಉಸಿರಿನ ದಾರಿ. ನಾನು ಅಡುಗೆಮನೆಯ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದೆ. ಕೆಮ್ಮಿನ ಸದ್ದು ಕೇಳಿ ಹೊರಗೆ ಬಂದಾಗ ಅಪ್ಪ ಗೋಡೆಯ ನಡುವೆ ನಿಂತಿದ್ದ. ಬ್ರಷ್ಷು ಕೆಳಗಿತ್ತು. ಕಂಡಕ್ಟರ್ ಕುರ್ಚಿಯ ಮೇಲೆ ಕುಳಿತು ನೋಡುತ್ತಿದ್ದರು.

"ಏನ್ರಿ ಪೇಂಟರ್ರ, ನಡುದಾರಿಗೆ ಗಾಡಿ ನಿಂತಂಗೈತಲ್ಲ?"

"ಟೈರ್ ಪಂಚರ್ ರಿ" ಎಂದು ಅಪ್ಪ ನಕ್ಕ. "ಪ್ಯಾಸೆಂಜರ್ ಯಾರೂ ಇಳಿಬ್ಯಾಡ್ರಿ."

ಕಂಡಕ್ಟರ್ ತುಂಬ ನಕ್ಕರು. ಅಪ್ಪ ಮತ್ತೆ ಬ್ರಷ್ಷು ಅದ್ದಿ ಕಿಟಕಿಯವರೆಗೆ ಎಳೆದ. ಬಸ್ಸಿನಲ್ಲಿ ಬರುವಾಗ, ಬ್ರಷ್ಷಿನ ಕೂದಲು ಉದುರಿತ್ತು, ಅದಕ್ಕೆ ನಿಲ್ಲಿಸಿದೆ ಎಂದ. ನಾನು ಏನೂ ಕೇಳಿರಲಿಲ್ಲ.

ಆ ವರ್ಷ ಗಂಟುಗಳು ಹೆಚ್ಚಾದವು. ಹಗರಿಬೊಮ್ಮನಹಳ್ಳಿಯ ಒಂದು ಮನೆಯಲ್ಲಿ ಎರಡು, ಕೂಡ್ಲಿಗಿಯಲ್ಲಿ ಪ್ರತಿ ಗೋಡೆಗೊಂದು. ಈಗಲೂ ಆ ಮನೆಗಳ ಮುಂದೆ ಹಾದು ಹೋದರೆ ಒಳಗೆ ಹೋಗಿ ನೋಡಬೇಕು ಅನಿಸುತ್ತದೆ. ಅಪ್ಪನ ಎದೆ ಯಾವಾಗ ಎಷ್ಟು ಉಳಿದಿತ್ತು ಎಂದು ಯಾವ ಡಾಕ್ಟರಿಗೂ ಗೊತ್ತಾಗುವ ಮೊದಲು ಆ ಗೋಡೆಗಳಿಗೆ ಗೊತ್ತಾಗಿತ್ತು.

ಕೊನೆಗೆ ಅವ್ವ ಹಟ ಹಿಡಿದು ಕೂಡ್ಲಿಗಿಯ ಆಸ್ಪತ್ರೆಗೆ ಕಳಿಸಿದಳು. ಅಲ್ಲಿಂದ ಬಳ್ಳಾರಿಗೆ ಹೋಗಿ ಎಂದರು. ಬಳ್ಳಾರಿಯಲ್ಲಿ ಎದೆಯ ಚಿತ್ರ ತೆಗೆದು, ಊದಿಸಿ, ನಡೆಸಿ, ಮತ್ತೆ ಊದಿಸಿ ನೋಡಿದರು. ಅಪ್ಪನನ್ನು ಹೊರಗೆ ಕೂಡಿಸಿ ಡಾಕ್ಟರು ನನ್ನನ್ನು ಕರೆದರು. ವಯಸ್ಸಿನಲ್ಲಿ ನನ್ನಷ್ಟೇ ಇದ್ದರು, ಮೃದುವಾಗಿ ಮಾತಾಡಿದರು. ಗೋಡೆ ಕೆರೆದ ಧೂಳು, ಪುಟ್ಟಿ ಉಜ್ಜಿದ ಧೂಳು, ಇಷ್ಟು ವರ್ಷ ಒಳಗೆ ಹೋಗಿ ಕೂತಿದೆ, ಒಳಗಿನದು ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತಿದೆ ಎಂದರು.

"ಕಡಿಮಿ ಆಗತೈತಲ್ರಿ?"

"ಕಡಿಮೆ ಆಗೋದಲ್ಲಪ್ಪ ಇದು. ಬೇಗ ಜಾಸ್ತಿ ಆಗದ ಹಾಗೆ ನೋಡ್ಕೋಬೇಕು. ಧೂಳಿಗೆ ಹೋಗಲೇಬಾರದು." ನನ್ನ ಉಗುರುಗಳ ಸುತ್ತ ಇದ್ದ ಬಣ್ಣ ನೋಡಿದರು. "ನೀನೂ ಅದೇ ಕೆಲಸನಾ?"

ಹೌದು ಎಂದೆ. ಅವರು ಮುಂದೆ ಏನೋ ಹೇಳಿದರು. ಅಪ್ಪನ ಎದೆಯ ಚಿತ್ರ ದೀಪದ ಮುಂದೆ ತೂಗುತ್ತಿತ್ತು. ನನಗೆ ಕೇಳಿಸಲಿಲ್ಲ.

ಅಪ್ಪನಿಗೆ ನಾನು ಅರ್ಧ ಹೇಳಿದೆ. ಉಳಿದರ್ಧ ಅವನಿಗೆ ಗೊತ್ತಿತ್ತು. ಅವ್ವ ಆಡುಸೋಗೆ ಎಲೆಯ ಕಷಾಯ ಶುರು ಮಾಡಿದಳು. ಉಜ್ಜಿನಿಯ ಗುಡಿಗೆ ಹೋಗಿ ಎಣ್ಣೆ ಕೊಟ್ಟು ಬಂದಳು. ನಾನು ಸುಣ್ಣದ ಚೀಲ, ಪುಟ್ಟಿಯ ಚೀಲ ಎಲ್ಲ ಹೊರಗಿನ ತಗಡಿನ ಕೆಳಗೆ ಸಾಗಿಸಿದೆ. ಕೆಲಸದ ಬಟ್ಟೆಯನ್ನು ಬೀದಿಯಲ್ಲೇ ಕೊಡವಿ, ಹಿತ್ತಲಲ್ಲಿ ಸ್ನಾನ ಮಾಡಿ ಒಳಗೆ ಬರುತ್ತಿದ್ದೆ. ಅಪ್ಪ ಕಟ್ಟೆಯ ಮೇಲೆ ಕುಳಿತು ನಾನು ಬರುವುದನ್ನೇ ಕಾಯುತ್ತಿದ್ದ.

"ಪಟ್ಟಿ ಇತ್ತೇನು ಇವತ್ತು?"

"ಇಲ್ಲಪ್ಪಾ. ಈಗ ಯಾರು ಪಟ್ಟಿ ಹಾಕಿಸ್ತಾರ? ಎಲ್ಲಾ ಒಂದ ಬಣ್ಣ ಕೇಳ್ತಾರ."

ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಕೇಳಿದವರಿಗೆ ನಾನೇ, ಅದು ಹಳೆ ಕಾಲದ್ದು ಬಿಡಿ ಎಂದು ಹೇಳಿ ತಪ್ಪಿಸುತ್ತಿದ್ದೆ. ಪಟ್ಟಿ ಇದೆ ಎಂದು ಗೊತ್ತಾದರೆ ಅಪ್ಪ ಎದ್ದು ಬಂದುಬಿಡುತ್ತಾನೆ ಎಂಬ ಹೆದರಿಕೆ.

ಹರಪನಹಳ್ಳಿಯಲ್ಲಿ ಅದು ನಡೆಯಲಿಲ್ಲ. ಆ ಮನೆಯ ಯಜಮಾನಿಗೆ ಅಪ್ಪನ ಗುರುತು ಇತ್ತು. ಅವರ ಮದುವೆಗೆ ಅಪ್ಪ ಬಣ್ಣ ಹಚ್ಚಿದ್ದ, ಈಗ ಅವರ ಮಗಳ ಮದುವೆ. ಅವರು ನನಗೆ ಹೇಳದೆ ನಮ್ಮ ಮನೆಗೇ ಫೋನ್ ಮಾಡಿದ್ದರು. ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಡಬ್ಬಿ ಬಿಚ್ಚುತ್ತಿರುವಾಗ ಬಾಗಿಲಲ್ಲಿ ಅಪ್ಪ ನಿಂತಿದ್ದ. ಬಸ್ ಸ್ಟ್ಯಾಂಡಿನಿಂದ ನಡೆದು ಬಂದಿದ್ದ. ಚೌಕಟ್ಟು ಹಿಡಿದು ನಿಂತು ಮಾತಾಡಲು ಆಗದೆ ಕೈ ಮಾತ್ರ ಎತ್ತಿದ.

"ಬರ್ರಿ, ಬರ್ರಿ" ಎಂದು ಆಕೆ ಕುರ್ಚಿ ತಂದರು. "ಇವನು ಪಟ್ಟಿ ಬೇಡ ಅಂತಾನೆ ನೋಡ್ರಿ. ನೀವು ಇರೋತನಕ ನಮ್ಮ ಮನೆಗೆ ಪಟ್ಟಿ ನಿಮ್ದೇ ಕೈಯಿಂದ."

"ಅವನಿಗೇನು ಗೊತ್ತು ಬಿಡ್ರಿ. ನಿನ್ನೆ ಮೊನ್ನೆ ಹುಟ್ಟ್ಯಾನ."

ನೂಲು ಹೊಡೆದೆವು. ಹಿಡಿದಿಯೇನು ಎಂದ, ಹಿಡಿದೀನಿ ಎಂದೆ. ಎಳೆದು ಬಿಡುವಾಗ ಅವನ ಬೆರಳಲ್ಲಿ ಬಲವೇ ಇರಲಿಲ್ಲ, ಗುರುತು ಅರ್ಧ ಮಾತ್ರ ಬಿತ್ತು. ಮತ್ತೆ ಹೊಡೆದೆವು. ಅವನು ಬ್ರಷ್ಷು ಅದ್ದಿದ. ಉಸಿರೆಳೆದುಕೊಂಡ. ಎಳೆದುಕೊಂಡದ್ದು ಗಂಟಲಿಗಿಂತ ಕೆಳಗೆ ಇಳಿಯುವುದು ನನಗೆ ಕಾಣಲಿಲ್ಲ. ಒಂದು ಗೇಣು ಬಂತು. ನಿಲ್ಲಿಸಿದ. ಮತ್ತೊಂದು ಗೇಣು. ನಿಲ್ಲಿಸಿದ. ಮೂರನೆಯದರಲ್ಲಿ ಕೆಮ್ಮು ಬಂದು ಬ್ರಷ್ಷು ಮೇಲಿನ ತೆಳುಬಣ್ಣಕ್ಕೆ ತಾಗಿ ಕಾಫಿ ಬಣ್ಣದ ಒಂದು ಕೊಕ್ಕೆ ಮೂಡಿತು. ಆ ಯಜಮಾನಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಪಾತ್ರೆಗಳ ಸದ್ದು ಬೇಕೆಂದೇ ಜೋರಾಗಿ ಕೇಳಿಸತೊಡಗಿತು.

ಅಪ್ಪ ಕೊಕ್ಕೆಯನ್ನು ನೋಡಿದ. ಆಮೇಲೆ ಬ್ರಷ್ಷನ್ನು ಹಿಂದುಮುಂದು ಮಾಡಿ, ಹಿಡಿಕೆ ನನ್ನ ಕಡೆ ಬರುವ ಹಾಗೆ ಚಾಚಿದ.

"ತಗಾ. ನೀ ಮುಗಿಸು."

"ಸ್ವಲ್ಪ ಕುಂದ್ರಪ್ಪಾ, ಆಮ್ಯಾಲೆ ನೀನ..."

"ತಗಾ ಅಂದ್ನಿಲ್ಲಲೇ. ನಾ ಆ ಕಡಿ ತಿರುಗಿ ನಿಂದ್ರತೀನಿ."

ಅವನು ನಿಜವಾಗಿಯೂ ಎದುರು ಗೋಡೆಗೆ ಮುಖ ಮಾಡಿ ನಿಂತ. ನಾನು ಕೊಕ್ಕೆಯನ್ನೂ ಗೇಣುಗಳ ನಡುವಿನ ಗಂಟುಗಳನ್ನೂ ಬಟ್ಟೆಯಿಂದ ಒರೆಸಿ, ಗೋಡೆ ಒಣಗಿಸಿ, ಬಾಗಿಲಿನಿಂದ ಕಿಟಕಿಯವರೆಗೆ ಒಂದೇ ಉಸಿರಿನಲ್ಲಿ ಎಳೆದೆ. ಎಳೆಯುವಷ್ಟು ಹೊತ್ತೂ ನನ್ನ ಬೆನ್ನ ಹಿಂದೆ ಅವನ ಉಸಿರಿನ ಸದ್ದು, ಒಣಗಿದ ತೊಗಲನ್ನು ಯಾರೋ ಎಳೆದೆಳೆದು ಬಿಡುವ ಹಾಗೆ. ನನ್ನ ಉಸಿರನ್ನು ಅವನಿಗೆ ಕೊಡುವ ಉಪಾಯವಿದ್ದರೆ ಆಗ ಕೊಟ್ಟುಬಿಡುತ್ತಿದ್ದೆ. ಮುಗಿದ ಮೇಲೆ ಅವನು ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಿಸಿದೆ. ಅರ್ಧ ದಾರಿ ಬಂದ ಮೇಲೆ, "ನೇರ ಬಂತೇನು?" ಎಂದು ಕೇಳಿದ.

"ಬಂತು."

"ಹೌದಾ" ಎಂದು ಕಣ್ಣು ಮುಚ್ಚಿಕೊಂಡ.

ಅದರ ನಂತರ ಅವನು ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆಯವರು ಮನೆಗೆ ಒಂದು ಪ್ಲಾಸ್ಟಿಕ್ ಸಾಮಾನು ಕೊಟ್ಟಿದ್ದರು. ಒಳಗೆ ಮೂರು ಬಣ್ಣದ ಚೆಂಡು, ಕೊಳವೆಯಲ್ಲಿ ಉಸಿರೆಳೆದರೆ ಚೆಂಡು ಮೇಲೇಳಬೇಕು. ದಿನಾ ಮಾಡಿದರೆ ಎದೆಗೆ ಒಳ್ಳೆಯದು ಎಂದಿದ್ದರು. ಅಪ್ಪ ಸ್ವಲ್ಪ ದಿನ ಮಾಡಿ ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟ. "ಕೂಸಿನ ಆಟಿಗಿ ಸಾಮಾನು ತಂದು ಕೊಟ್ಟಾರ. ಹತ್ತು ಸಲ ಉಸಿರೆಳದ್ರೂ ಗ್ವಾಡಿ ಮ್ಯಾಲೆ ಏನೂ ಬೀಳಂಗಿಲ್ಲ" ಎಂದ.

ಒಂದು ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅವನು ಒಳಕೋಣೆಯ ಗೋಡೆಯ ಮುಂದೆ ನಿಂತಿದ್ದ. ಕೈಯಲ್ಲಿ ಉಳಿದ ಕಾಫಿ ಬಣ್ಣದ ಡಬ್ಬಿ. ನಮ್ಮ ಮನೆಯ ಗೋಡೆಗೆ ಯಾವತ್ತೂ ಪಟ್ಟಿ ಇರಲಿಲ್ಲ, ಬರೀ ಸುಣ್ಣ. ಬಾಗಿಲ ಚೌಕಟ್ಟಿನಿಂದ ಶುರು ಮಾಡಿ ಉಸಿರು ಇರುವಷ್ಟು ದೂರ ಗೆರೆ ಎಳೆದು ನಿಲ್ಲಿಸಿದ.

"ಏನಪ್ಪಾ ಇದು?"

"ಅಳತಿ. ದಿನಾ ಒಂದು ಎಳೀತೀನಿ. ಆ ಚೆಂಡಿಗಿಂತ ಇದು ಚಲೋ."

ಆಯಿಲ್ ಪೇಂಟಿನ ವಾಸನೆ ಅವನಿಗೆ ಆಗದು ಎಂದು ನನಗೆ ಗೊತ್ತಿತ್ತು. ಆದರೆ ಎಷ್ಟೋ ದಿನದ ಮೇಲೆ ಅವನು ತಾನಾಗಿ ಎದ್ದು ನಿಂತಿದ್ದ. ಕಿಟಕಿ ಬಾಗಿಲು ತೆಗೆದಿಟ್ಟೆ. ಬೇಡ ಎನ್ನಲು ಬಾಯಿ ಬರಲಿಲ್ಲ.

ಹಡಗಲಿಯ ಕಂಡಕ್ಟರ ಮಾತು ಅವನ ತಲೆಯಲ್ಲಿ ಉಳಿದಿತ್ತು ಅನಿಸುತ್ತದೆ. ಗೋಡೆಯ ಮೇಲಿನ ಗುರುತುಗಳಿಗೆ ಅವನು ಊರುಗಳ ಹೆಸರು ಇಟ್ಟ. ಚೌಕಟ್ಟು ಕೊಟ್ಟೂರು. ಅಲ್ಲಿಂದ ಒಂದು ಮೊಳ ದೂರದ ಕಲೆ ಉಜ್ಜಿನಿ. ಸುಣ್ಣ ಬಿರಿದ ಸೀಳು ಕೂಡ್ಲಿಗಿ. ಕ್ಯಾಲೆಂಡರಿನ ಮೊಳೆ ಹರಪನಹಳ್ಳಿ. ಕಿಟಕಿ ಹಡಗಲಿ. ಇವೆಲ್ಲ ಒಂದೇ ದಾರಿಯ ಊರುಗಳಲ್ಲ. ಅಪ್ಪನ ಬಸ್ಸು ದಾರಿಯ ಗೊಡವೆಗೆ ಹೋಗುತ್ತಿರಲಿಲ್ಲ.

"ಎಲ್ಲಿತನ ಹೋತ್ರಿ ಇವತ್ತು?" ಎಂದು ಅವ್ವ ಒಲೆಯ ಮುಂದಿನಿಂದ ಕೂಗುತ್ತಿದ್ದಳು.

"ಹರಪನಹಳ್ಳಿ ದಾಟೇತಿ. ಚಾ ಕುಡಿಯಾಕ ನಿಲ್ಸೀನಿ."

"ಹಂಗ ಹಡಗಲಿಗೆ ಹೋಗಿ ಮಲ್ಲಿಗಿ ತರ್ರಿ ನನಗ."

"ಬಿಡ ಏಯ್, ಈ ವಯಸ್ಸಿನ್ಯಾಗ ಮಲ್ಲಿಗಿ ಬೇಕಂತ!"

ಮರುದಿನದ ಗೆರೆಯನ್ನು ಹಿಂದಿನ ದಿನದ ಗೆರೆಯ ಕೆಳಗೆ ಎಳೆಯುತ್ತಿದ್ದ. ಧೂಳೂ ದಾರಿಯ ದಣಿವೂ ಇಲ್ಲದ್ದರಿಂದಲೋ ಏನೋ, ಮೊದಲ ಕೆಲವು ಗೆರೆಗಳು ಮೊಳೆಯ ಆಚೆ ಈಚೆ ಇದ್ದವು. ಒಂದು ದಿನ ಗೆರೆ ಮೊಳೆಯನ್ನು ದಾಟಿ ಕಿಟಕಿಗೆ ಒಂದು ಗೇಣು ಉಳಿಯುವಷ್ಟು ಹೋಯಿತು. ಅವ್ವ ಅವತ್ತು ಗೋಧಿ ಹುಗ್ಗಿ ಮಾಡಿದಳು. ನಾನು ಬಳ್ಳಾರಿಯ ಡಾಕ್ಟರು ತಪ್ಪು ನೋಡಿರಬಹುದು ಎಂದು ಅಂದುಕೊಂಡೆ. ಬೇರೆ ಡಾಕ್ಟರನ್ನು ವಿಚಾರಿಸಬೇಕು, ದಾವಣಗೆರೆಗೆ ಕರೆದುಕೊಂಡು ಹೋಗಬೇಕು ಎಂದು ಲೆಕ್ಕ ಹಾಕುತ್ತ ಹುಗ್ಗಿ ತಿಂದೆ. ಹಾಗೆ ಅಂದುಕೊಂಡದ್ದು ಆ ಒಂದು ದಿನ ಮಾತ್ರ. ಆಮೇಲೆ ಗೆರೆ ಕೂಡ್ಲಿಗಿಯ ಸೀಳನ್ನು ದಾಟಲಿಲ್ಲ.

ದಾವಣಗೆರೆಗೂ ಹೋಗಿ ಬಂದೆವು. ಅಲ್ಲಿಯೂ ಅದೇ ಮಾತು. ಬಾಡಿಗೆಗೆ ಆಕ್ಸಿಜನ್ ಯಂತ್ರ ತಂದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಅಪ್ಪ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದ. ಆದರೂ ಬೆಳಿಗ್ಗೆ ಮೂಗಿನ ಕೊಳವೆ ತೆಗೆದಿಟ್ಟು ನನ್ನ ಭುಜ ಹಿಡಿದು ಏಳುತ್ತಿದ್ದ. ಗೆರೆಗಳು ಒಂದರ ಕೆಳಗೊಂದು ಗಿಡ್ಡವಾಗುತ್ತ ಬಂದವು, ಹಲ್ಲು ಸವೆದ ಬಾಚಣಿಗೆಯ ಹಾಗೆ. ಕೊನೆಕೊನೆಗೆ ನಾನು ಕೆಲಸಕ್ಕೆ ಬೇಗ ಹೊರಡುವ ನೆವ ಹುಡುಕುತ್ತಿದ್ದೆ. ಆ ಗೆರೆ ಎಲ್ಲಿ ನಿಲ್ಲುತ್ತದೆ ಎಂದು ನೋಡುವ ಶಕ್ತಿ ನನ್ನಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಕುಳಿತು ಅವ್ವನಿಗೆ ಫೋನ್ ಮಾಡುತ್ತಿದ್ದೆ.

"ಎಲ್ಲಿತನ?"

"ಉಜ್ಜಿನಿ ಇನ್ನೂ ಬಂದಿಲ್ಲಪ್ಪಾ" ಎನ್ನುತ್ತಿದ್ದಳು. ಆಮೇಲೂ ಇಬ್ಬರೂ ಫೋನ್ ಕಿವಿಗೆ ಹಿಡಿದಿರುತ್ತಿದ್ದೆವು.

ಒಂದು ದಿನ ಅವನ ಹಟಕ್ಕೆ ನಾನೂ ಅವ್ವನೂ ಎರಡೂ ಕಡೆ ಹಿಡಿದು ನಿಲ್ಲಿಸಿದೆವು. ಬ್ರಷ್ಷನ್ನು ನಾನೇ ಅದ್ದಿ ಬೆರಳ ನಡುವೆ ಇಟ್ಟೆ. ಅವನು ಅದನ್ನು ಗೋಡೆಗೆ ಊರಿದ. ಸರಿಸಲು ಆಗಲಿಲ್ಲ. ಊರಿದಲ್ಲಿಯೇ ಬಣ್ಣ ದಪ್ಪಗೆ ನಿಂತು ಒಂದು ಹನಿ ಕೆಳಗೆ ಇಳಿಯಿತು. ಅಪ್ಪ ನನ್ನ ಕಡೆ ನೋಡಿ ನಗುವ ಹಾಗೆ ಮಾಡಿದ.

"ಗಾಡಿ ಸ್ಟ್ಯಾಂಡ್ ಬಿಡವಲ್ದು."

ಅವನ ಬಾಯಿಂದ ನಾನು ಕೇಳಿದ ಪೂರ್ತಿ ಮಾತು ಅದೇ ಕೊನೆಯದು. ಮಾರನೆಯ ದಿನ ಮಧ್ಯಾಹ್ನ, ಯಂತ್ರ ಓಡುತ್ತಿರುವಾಗಲೇ, ಹೋದ. ಯಂತ್ರ ಇನ್ನೂ ಬುಸ್ ಬುಸ್ ಎನ್ನುತ್ತಿದ್ದುದರಿಂದ ನಮಗೆ ಕೂಡಲೇ ತಿಳಿಯಲಿಲ್ಲ.

ಮಣ್ಣು ಮಾಡಿ ಬಂದೆವು. ತಿಥಿಯ ದಿನದ ಕಾರ್ಯಕ್ಕೆ ಮೊದಲು ಮನೆಗೆಲ್ಲ ಸುಣ್ಣ ಬಳಿಯಬೇಕು, ಅದು ನಮ್ಮಲ್ಲಿ ನಡೆದು ಬಂದದ್ದು. ಸಾವಿನ ಮನೆಯ ಗೋಡೆಯನ್ನು ಹಾಗೆಯೇ ಬಿಡುವುದಿಲ್ಲ. ಗುಡೇಕೋಟೆಯಿಂದ ಬಂದಿದ್ದ ಸೋದರತ್ತೆ, ಅಪ್ಪನ ಅಕ್ಕ, ಅದನ್ನು ಮೊದಲು ಎತ್ತಿದವಳು. ಅಳು ಮುಗಿದ ಕೂಡಲೆ ಕೆಲಸ ಹಿಡಿಯುವ ಹೆಂಗಸು.

"ಮಂದಿ ಮನಿಗೆಲ್ಲ ಬಣ್ಣ ಹಚ್ಚಿದಾತನ ಮನಿ ನೋಡು, ಹಾಳು ಗುಡಿ ಆಗೈತಿ. ಏಳಲೇ, ಸುಣ್ಣ ಕಲಸು."

ಹೊರಗಿನ ಗೋಡೆ, ಪಡಸಾಲೆ, ಅಡುಗೆಮನೆ ಎಲ್ಲ ಬಳಿದೆ. ಒಳಕೋಣೆಯ ಆ ಗೋಡೆಯ ಮುಂದೆ ಬಂದು ಬಕೆಟ್ ಕೆಳಗಿಟ್ಟೆ.

"ಇದೊಂದು ಬಿಡ್ತೀನತ್ತಿ."

"ಯಾಕ? ನಿಮ್ಮಪ್ಪ ಅದ್ರಾಗ ಬಂಗಾರ ಹುಗ್ಯಾನೇನು?" ಎಂದು ಒಳಗೆ ಬಂದು ಗೆರೆಗಳನ್ನು ನೋಡಿದಳು. "ಇದೇನಿದು? ಗ್ವಾಡಿ ತುಂಬ ಗೀಚ್ಯಾನಲ್ಲೋ. ಸಣ್ಣಾವಿದ್ದಾಗೂ ಹಿಂಗ, ಇದ್ದಿಲು ಸಿಕ್ರ ಬಿಡ್ತಿದ್ದಿಲ್ಲ ನೋಡು." ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಆದರೂ ಬಿಡಲಿಲ್ಲ. "ಬಳಿಯಪ್ಪಾ. ಆತ ಸುಖದಾಗ ಹೋಗಬೇಕಿಲ್ಲೋ. ಕಟ್ಟಿ ಹಾಕಿ ಇಟ್ಕಬಾರ್ದು."

ನಾನು ಅವ್ವನ ಕಡೆ ನೋಡಿದೆ. ಅವಳು ಮೂಲೆಯಲ್ಲಿ ಕುಳಿತಿದ್ದಳು. ಗೋಡೆಯನ್ನು ನೋಡಿ, "ಬಳಿ" ಎಂದಳು.

ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಬಣ್ಣದ ಕೆಲಸ ಮಾಡುವ ಯಾರಿಗಾದರೂ ಇದು ಗೊತ್ತು. ಮೊದಲು ಉಜ್ಜುವ ಕಾಗದದಿಂದ ಪೇಂಟಿನ ಹೊಳಪು ಹೋಗುವ ತನಕ ಉಜ್ಜಬೇಕು. ಇಲ್ಲದಿದ್ದರೆ ಒಣಗಿದ ಮೇಲೆ ಸುಣ್ಣ ಸಿಪ್ಪೆ ಸಿಪ್ಪೆಯಾಗಿ ಕಳಚಿಕೊಳ್ಳುತ್ತದೆ. ನಾನು ಕಾಗದ ಕೈಗೆ ತೆಗೆದುಕೊಂಡೆ. ಮೊದಲ ಗೆರೆಯ ಮೇಲೆ ಒಂದು ಸಲ ಎಳೆದೆ. ಕಾಫಿ ಬಣ್ಣದ ಪುಡಿ ಹಾರಿ ಕಿಟಕಿಯ ಬೆಳಕಿನಲ್ಲಿ ತೇಲಿತು. ಅದೇ ಧೂಳು. ಅಪ್ಪನನ್ನು ತಿಂದದ್ದು ಅದೇ. ಈಗ ಅವನ ಉಸಿರನ್ನೇ ಉಜ್ಜಿ ಧೂಳು ಮಾಡಿ ನಾನು ಮೂಗಿನಲ್ಲಿ ಎಳೆದುಕೊಳ್ಳಬೇಕಿತ್ತು. ಕಾಗದವನ್ನು ಕಿಟಕಿಯಿಂದ ಹೊರಗೆ ಎಸೆದೆ. ಉಜ್ಜದೆ ಹಾಗೆಯೇ ಎರಡು ಸಲ ಸುಣ್ಣ ಬಳಿದೆ. ಸಂಜೆಯ ಹೊತ್ತಿಗೆ ಗೋಡೆ ಹಾಲಿನ ಹಾಗಿತ್ತು. ಅತ್ತೆ ಬಂದು ನೋಡಿ, ಈಗ ಮನೆಯ ಹಾಗಾಯಿತು ಎಂದಳು.

ದಿನದ ಕಾರ್ಯ ಮುಗಿಯಿತು. ಬಂದವರು ಹೋದರು. ನಾನು ಕೆಲಸಕ್ಕೆ ಹೋಗತೊಡಗಿದೆ. ಹಂಪಸಾಗರದ ಒಂದು ಮನೆಯಲ್ಲಿ ಪಟ್ಟಿ ಕೇಳಿದರು. ಈ ಸಲ ನಾನು ತಪ್ಪಿಸಲಿಲ್ಲ. ನೂಲು ತೆಗೆದು ಒಂದು ತುದಿಯನ್ನು ಹೆಬ್ಬೆರಳ ಕೆಳಗೆ ಒತ್ತಿಕೊಂಡು ನಿಂತೆ. ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. ಅಷ್ಟು ವರ್ಷ ಕೆಲಸ ಮಾಡಿಯೂ, ಇನ್ನೊಂದು ತುದಿಯನ್ನು ಹಿಡಿಯಲು ಯಾರೂ ಇಲ್ಲ ಎಂಬುದು ನೂಲು ಬಿಚ್ಚುವ ತನಕ ನನಗೆ ಹೊಳೆದಿರಲಿಲ್ಲ. ಕೊನೆಗೆ ಆ ಮೂಲೆಯಲ್ಲಿ ಒಂದು ಮೊಳೆ ಹೊಡೆದು ನೂಲನ್ನು ಅದಕ್ಕೆ ಕಟ್ಟಿದೆ. ಟಪ್ ಎಂದಿತು, ಗುರುತು ಸರಿಯಾಗಿಯೇ ಬಿತ್ತು. ಮೊಳೆಯ ತೂತಿಗೆ ಪುಟ್ಟಿ ತುಂಬಿ ಬಂದೆ. ಆಮೇಲೆ ಎಲ್ಲ ಮನೆಗಳಲ್ಲಿಯೂ ಹಾಗೆಯೇ ಮಾಡುತ್ತಿದ್ದೇನೆ.

ಮಳೆಗಾಲದ ತೇವಕ್ಕೆ ಒಳಕೋಣೆಯ ಸುಣ್ಣ ಬಿಡತೊಡಗಿತು. ಮೊದಲು ಕಳಚಿದ್ದು ಕೊನೆಯ ದಿನದ ಚುಕ್ಕೆಯ ಮೇಲಿನದು. ಅಲ್ಲಿ ಬಣ್ಣ ದಪ್ಪಗಿತ್ತು. ಬಿಳಿ ಗೋಡೆಯಲ್ಲಿ ಒಂದು ಕಾಫಿ ಬಣ್ಣದ ಚುಕ್ಕೆ, ಅದರಿಂದ ಇಳಿದ ಒಂದು ಹನಿ. ಆಮೇಲೆ ಗಿಡ್ಡ ಗೆರೆಗಳು, ಆಮೇಲೆ ಉದ್ದದವು. ಅವು ಮತ್ತೆ ಕಂಡಾಗ ನನಗೆ ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಈಗ ಅವು ಕೆಳಗಿನಿಂದ ಮೇಲಕ್ಕೆ ಉದ್ದವಾಗುತ್ತ ಬರುತ್ತಿದ್ದವು, ಅಪ್ಪ ದಿನದಿಂದ ದಿನಕ್ಕೆ ಗುಣವಾಗುತ್ತಿರುವ ಹಾಗೆ. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು.

ಅವ್ವ ದಿನಾ ಬೆಳಿಗ್ಗೆ ಗೋಡೆಯ ಬುಡದಲ್ಲಿ ಬಿದ್ದ ಸುಣ್ಣದ ಸಿಪ್ಪೆಯನ್ನು ಗುಡಿಸುತ್ತಿದ್ದಳು. ಒಂದು ದಿನ ಕಸಬರಿಗೆ ಹಿಡಿದುಕೊಂಡೇ ಕೇಳಿದಳು.

"ಉಜ್ಜಿದ್ದಿಲ್ಲೇನು?"

"ಇಲ್ಲವ್ವಾ."

"ಹೂಂ" ಎಂದು ಗುಡಿಸುವುದನ್ನು ಮುಂದುವರಿಸಿದಳು. ಪೇಂಟರನ ಹೆಂಡತಿ, ಅವಳಿಗೆ ಬಳಿದ ದಿನವೇ ಗೊತ್ತಿರಬೇಕು.

ಹೋದ ವಾರ ಕೂಡ್ಲಿಗಿಯಲ್ಲಿ ಹಳೆಯ ಮನೆಯೊಂದರ ಗೋಡೆ ಕೆರೆದು ಬಂದೆ. ಮೂಗಿಗೆ ಬಟ್ಟೆ ಕಟ್ಟಿದ್ದೆ, ಮಾಸ್ಕೂ ಹಾಕಿದ್ದೆ. ಆದರೂ ಊಟಕ್ಕೆ ಕುಳಿತಾಗ ಕೆಮ್ಮು ಬಂತು. ನೀರು ಕುಡಿದೆ, ನಿಲ್ಲಲಿಲ್ಲ. ಮಾರನೆಯ ದಿನವೂ ಬಂತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆಯೇ ನೋಡುತ್ತಿದ್ದಳು.

ಈ ದಿನ ಬೆಳಿಗ್ಗೆ ಅವಳು ತಗಡಿನ ಕೆಳಗಿನಿಂದ ಕಾಫಿ ಬಣ್ಣದ ಡಬ್ಬಿಯನ್ನು ತಂದು ಮುಚ್ಚಳ ಮೀಟುತ್ತಿದ್ದಳು. ಪಕ್ಕದಲ್ಲಿ ಅಪ್ಪನ ಬ್ರಷ್ಷು, ತೊಳೆದು ಒರೆಸಿದ್ದು.

"ಬಾ ಇಲ್ಲಿ. ಒಂದು ಎಳಿ."

"ಏನವ್ವಾ ಇದು, ನೆಗಡಿ ಕೆಮ್ಮದು."

"ನೆಗಡಿ ಅಂತನ ಅಂತಿದ್ರು ಅವರೂ. ಎಳಿ, ನಾ ನೋಡಬೇಕು."

ಅವಳು ಬ್ರಷ್ಷನ್ನು ಅದ್ದಿ ಚಾಚಿದಳು. ನಾನು ಬ್ರಷ್ಷು ತೆಗೆದುಕೊಂಡೆ. ಅಪ್ಪನ ಗೆರೆಗಳಿಗಿಂತ ಮೇಲೆ, ಸುಣ್ಣ ಇನ್ನೂ ನಿಂತಿದ್ದ ಕಡೆ, ಚೌಕಟ್ಟಿಗೆ ಬ್ರಷ್ಷು ಇಟ್ಟು, ತುಂಬ ಉಸಿರೆಳೆದುಕೊಂಡು, ಅರ್ಧ ಬಿಟ್ಟು, ಹಿಡಿದೆ. ನಡೆದೆ. ಉಜ್ಜಿನಿ ಹೋಯಿತು. ಕೂಡ್ಲಿಗಿಯ ಸೀಳು ಹೋಯಿತು. ಹರಪನಹಳ್ಳಿಯ ಮೊಳೆಯನ್ನು ದಾಟಿ ಒಂದು ಮೊಳ ಹೋಗಿರಬೇಕು, ಗಂಟಲಲ್ಲಿ ಏನೋ ಕೆರೆದಂತಾಗಿ ಎದೆ ಎದ್ದಿತು. ನಿಲ್ಲಿಸಿದೆ. ಕಿಟಕಿಗೆ ಇನ್ನೂ ಒಂದು ಗೇಣು ಉಳಿದಿತ್ತು. ಅಪ್ಪನ ಹುಗ್ಗಿಯ ದಿನದ ಗೆರೆಯೂ ಅಲ್ಲಿಯೇ ನಿಂತಿದೆ, ನನ್ನದು ಹೆಚ್ಚು ಕಡಿಮೆ ಅದರ ನೇರಕ್ಕೆ ಮೇಲೆ.

ಅವ್ವ ಗೋಡೆಯ ಹತ್ತಿರ ಬಂದು ಆ ಒಂದು ಗೇಣಿನ ಬಿಳಿ ಜಾಗವನ್ನು ಅಂಗೈಯಿಂದ ಮುಚ್ಚಿದಳು. ಅಲ್ಲಿಯ ಸುಣ್ಣ ಅವಳ ಕೈಗೆ ಹತ್ತಿತು.

"ಹಡಗಲಿ?" ಎಂದಳು.

"ನಾಳಿ ಮುಟ್ಟತೈತಿ ಬಿಡವ್ವಾ. ಇವತ್ತು ನೆಗಡಿ ಐತಿ."

ಅವಳು ಡಬ್ಬಿಯ ಮುಚ್ಚಳ ಒತ್ತಿದಳು. ತಗಡಿನ ಕೆಳಗೆ ಒಯ್ಯಲಿಲ್ಲ, ಕಿಟಕಿಯ ಕಟ್ಟೆಯ ಮೇಲೆಯೇ ಇಟ್ಟಳು, ಬ್ರಷ್ಷನ್ನು ಅದರ ಮೇಲೆ ಅಡ್ಡಕ್ಕೆ ಇಟ್ಟಳು, ನಾಳೆ ಬೆಳಿಗ್ಗೆ ಕೈಗೆ ಸಿಗುವ ಹಾಗೆ.